ದೊಡ್ಡಮ್ಮನ ಕೈಗೊಂದು ಹಿಡಿ

ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ದೊಡ್ಡಮ್ಮನ ಮನೆ. ಕ್ಯಾಮೆರಾ ಈಗ ಅವರ ಬಲಗೈ ಮೇಲೆ ಉಂಟು, ನೋಡಿ. ಸಂಧಿವಾತದಿಂದ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿವೆ, ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ. ಅಂಗಡಿಯ ಊರುಗೋಲಿನ ಹಿಡಿ ತೆಳ್ಳಗೆ. ಮೈಭಾರ ಎಲ್ಲ ನೋವಿರುವ ಗಂಟುಗಳ ಮೇಲೆಯೇ ಬೀಳ್ತದೆ. ಹಾಗಾಗಿ ಕೋಲು ಬಾಗಿಲ ಹಿಂದೆ, ದೊಡ್ಡಮ್ಮ ಗೋಡೆ ಹಿಡಿದುಕೊಂಡು ನಡೆಯುವುದು.

ಹೊಸ ಕೋಲು ಮಾಡ್ಲಿಕ್ಕೆ ನಾನು ಹೊರಟಿಲ್ಲ. ಅಲ್ಯೂಮಿನಿಯಂ ಪೈಪು ಗಟ್ಟಿಯಾಗಿಯೇ ಉಂಟು, ಭಾರ ಅದೇ ಹೊರಲಿ. ಬದಲಾಗಬೇಕಾದದ್ದು ಅಂಗೈ ತಾಗುವ ಚೂರು ಜಾಗ ಮಾತ್ರ. ಅದನ್ನು ತ್ರೀಡಿ ಪ್ರಿಂಟರಿನಲ್ಲಿ, ಅಂದರೆ ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ಕಟ್ಟುವ ಯಂತ್ರದಲ್ಲಿ ಮಾಡುವುದು.

ಮಕ್ಕಳಾಡುವ ಕ್ಲೇಯನ್ನು ಹಳೇ ಹಿಡಿಗೆ ಮೆತ್ತಿ, ದಿನಾ ಹಾಕುವ ಚಪ್ಪಲಿಯನ್ನೇ ಹಾಕಿಸಿ, ಅಂಗಳದಲ್ಲಿ ನಿಲ್ಲಿಸಿ ಒತ್ತಿಸಿದೆ. ಕೂತು ಒತ್ತಿದ ಅಚ್ಚೇ ಬೇರೆ, ಮೈಭಾರ ಬಿಟ್ಟು ಒತ್ತಿದ ಅಚ್ಚೇ ಬೇರೆ. ಎತ್ತರವನ್ನೂ ಆಗಲೇ ನೋಡಿಕೊಂಡೆ. ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿಗೆ ಬರ್ತದೋ ಹಿಡಿ ಅಲ್ಲಿರಬೇಕು. ನೋವು ಎಡ ಮೊಣಕಾಲಿಗೆ, ಹಾಗಾಗಿ ಕೋಲು ಬಲಗೈಗೆ. ಇದನ್ನು ಉಲ್ಟಾ ಹಿಡಿಯುವವರೇ ಜಾಸ್ತಿ, ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ.

ಆ ಮುದ್ದೆಯ ಸುತ್ತ ತಿರುಗಿ ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಫ್ಟ್‌ವೇರ್ ತ್ರೀಡಿ ಆಕಾರ ಮಾಡಿ ಕೊಡ್ತದೆ. ಅಳತೆ ಸರಿಹೊಂದಿಸಲು ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟಿರಬೇಕು. ಪ್ರಿಂಟ್ ಆಗುವುದು ಪೈಪಿನ ಮೇಲೆ ಕೂರುವ ಕವಚ, ಎರಡು ಹೋಳು, ನಡುವೆ ಸ್ಕ್ರೂ.

ಯಾವ ಪ್ಲಾಸ್ಟಿಕ್? ಪಿಎಲ್‌ಎ ಸುಲಭ, ಆದರೆ ಸುಮಾರು 60 ಡಿಗ್ರಿಗೆ ಮೆತ್ತಗಾಗ್ತದೆ. ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಸೊಟ್ಟಗಾದೀತು. ನಾನು ಹಾಕಿದ್ದು ಪಿಇಟಿಜಿ, ಸುಮಾರು 80ರ ತನಕ ತಡೆದುಕೊಳ್ತದೆ. ಬಿರುಕು ಬಿಡುವುದು ಹೆಚ್ಚಾಗಿ ಪದರಗಳ ನಡುವೆ, ಅದಕ್ಕೇ ಹಿಡಿಯನ್ನು ಮಲಗಿಸಿ ಪ್ರಿಂಟ್ ಮಾಡುವುದು. ಈ ವಿಧಾನದ ಮೂಲ ಪೇಟೆಂಟಿನ ಅವಧಿ 2009ರಲ್ಲಿ ಮುಗಿದ ಮೇಲೆಯೇ ಇಂಥ ಯಂತ್ರ ನಮ್ಮಂಥವರ ಕೈಗೆಟುಕಿದ್ದು.

ಕೆಳಗಿನ ರಬ್ಬರ್ ಬುಶ್ ಮಾತ್ರ ಅಂಗಡಿಯದೇ. ಮುರಕಲ್ಲಿನ ಮೆಟ್ಟಿಲು ಅದನ್ನು ತಿಂದು ಹಾಕ್ತದೆ, ಮಳೆಗಾಲಕ್ಕೆ ಪಾಚಿ ಬೇರೆ. ಅಲ್ಲಿ ಪ್ರಿಂಟಿನ ಹುಚ್ಚು ಬೇಡ.

ಗಾಲಿಕುರ್ಚಿಯ ಸೀಟೂ ಹೀಗೆ ಮಾಡಬಹುದಾ ಅಂತ ನಮ್ಮ ಎಣ್ಮಕಜೆ ಪಂಚಾಯತಿನವರು ಕೇಳಿಯೇ ಕೇಳ್ತೀರಿ. ಗೇರು ತೋಟಗಳಿಗೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಾಗ ಇದು. ಅದರ ಬಾಧೆಯಿಂದ ಬೆನ್ನು ಬಾಗಿದ ಮಗುವಿಗೆ ಎಲ್ಲರ ಅಳತೆಯ ಕುರ್ಚಿ ಕೊಟ್ಟು ಎಂತ ಪ್ರಯೋಜನ? ಮಾಡಬಹುದು, ಆದರೆ ನಾನೊಬ್ಬನೇ ಅಲ್ಲ. ಒಂದೇ ಕಡೆ ಒತ್ತಿದರೆ ಚರ್ಮ ಹುಣ್ಣಾಗ್ತದೆ, ಸ್ಪರ್ಶ ತಿಳಿಯದ ಮಗು ಅದನ್ನು ಹೇಳುವುದೂ ಇಲ್ಲ. ಫಿಸಿಯೋಥೆರಪಿಸ್ಟ್ ಜೊತೆ ಕೂತೇ ಆಗಬೇಕಾದ ಕೆಲಸ.

ಹೆಬ್ಬೆರಳಿನ ಬುಡದಲ್ಲಿ ಇನ್ನೂ ಒತ್ತುತ್ತದೆ ಅಂತ ದೊಡ್ಡಮ್ಮ. ಫೈಲಿನಲ್ಲಿ ಅಲ್ಲಿ 2 ಮಿಲಿಮೀಟರ್ ತೆಗೆದಿದ್ದೇನೆ. ಬಣ್ಣಕ್ಕೂ ತಕರಾರು ಉಂಟು: "ಈ ಕಿತ್ತಳೆ ಬಣ್ಣ ಎಂತದ್ದು ಮಾರಾಯ, ಮದುವೆಮನೆಗೂ ಹಿಡ್ಕೊಂಡು ಹೋಗ್ಲಿಕ್ಕೆ ಇಲ್ವಾ?" ಕಪ್ಪು ಪ್ಲಾಸ್ಟಿಕ್ ಎಳೆಯ ರೀಲು ಬರಲಿ, ಆಮೇಲೆ ಪ್ರಿಂಟ್.