ಕುದುರೆಮುಖದಲ್ಲಿ ತುದಿ ಬಿಟ್ಟು ಏನಿದೆ?

ಕೇಳುಗರೇ, ನಮಸ್ಕಾರ.

ಕುದುರೆಮುಖಕ್ಕೆ ಹೋಗಿದ್ದೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ತುದಿ ಹತ್ತಿದ್ರಾ?" ಸುಮಾರು 1,890 ಮೀಟರ್ ಎತ್ತರದ ತುದಿ. ಹತ್ತುವವರು ಹತ್ತಲಿ. ಆದರೆ ಮಂಡಿನೋವಿನ ಅಜ್ಜಿಗೂ ಅಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಕಳಸದಿಂದ ಕಾರ್ಕಳದ ಕಡೆ ಇಳಿಯುವ ರಸ್ತೆ ರಾಷ್ಟ್ರೀಯ ಉದ್ಯಾನದ ನಡುವೆಯೇ ಹಾದು ಹೋಗುತ್ತದೆ. ಕಡಂಬಿ ಜಲಪಾತವಂತೂ ರಸ್ತೆಯಿಂದಲೇ ಕಾಣುತ್ತದೆ.

ಕಿಟಕಿಯಿಂದ ಬೆಟ್ಟಗಳನ್ನು ಗಮನಿಸಿ. ಮೇಲೆಲ್ಲ ಹುಲ್ಲು. ಮರಗಳು ಎರಡು ಗುಡ್ಡ ಕೂಡುವ ಸಂದಿಯಲ್ಲಿ ಮಾತ್ರ. ಯಾರೋ ಕಡಿದು ಹೀಗಾಗಿದ್ದಲ್ಲ. ನೆತ್ತಿಯ ಮೇಲೆ ಗಾಳಿ ಜಾಸ್ತಿ, ಮಣ್ಣು ತೆಳು. ಸಂದಿಯಲ್ಲಿ ಮಣ್ಣು ಆಳ, ತೇವವೂ ಉಳಿಯುತ್ತದೆ. ಇದೇ ಶೋಲಾ ಕಾಡು. ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಿಗೆಯಲ್ಲೂ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ತುಂಗಾ, ಭದ್ರಾ ಇಲ್ಲಿನ ಗಂಗಾಮೂಲ ಎಂಬಲ್ಲಿ ಹುಟ್ಟುತ್ತವೆ. ನೇತ್ರಾವತಿ ಹುಟ್ಟುವುದೂ ಈ ಬೆಟ್ಟಸಾಲಿನಲ್ಲೇ.

ಯಾವಾಗ ಹೋಗಬೇಕು? ಜುಲೈನಲ್ಲಿ ಹೋದರೆ ಮಂಜು, ಮಳೆ, ಇಂಬಳ. ಇಂಬಳ ಕಾಲ್ಚೀಲದ ನೂಲಿನ ನಡುವೆಯೇ ತೂರಿಕೊಂಡು ಬರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದು ಹೊಟ್ಟೆ ತುಂಬಿ ಉದುರಿದ ಮೇಲೆ ರಕ್ತ ಸೋರುತ್ತಲೇ ಇರುತ್ತದೆ. ಗಾಬರಿಯಾಗಬೇಡಿ, ಜೇಬಿನಲ್ಲಿ ಒಂದಿಷ್ಟು ಉಪ್ಪು ಇರಲಿ. ನನ್ನನ್ನು ಕೇಳಿದರೆ ನವೆಂಬರ್ ಒಳ್ಳೆಯದು. ಹುಲ್ಲಿನ್ನೂ ಹಸಿರು, ಆಕಾಶ ತಿಳಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ, ಹಾಗಾಗಿ ಚಾರಣ ನಿಲ್ಲಿಸುತ್ತಾರೆ. ಸಿಂಗಳೀಕಕ್ಕೆ ಮಾತ್ರ ಯಾವ ಕಾಲವಾದರೂ ಕತ್ತೆತ್ತಿ ನೋಡಬೇಕು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಮರ ಬಿಟ್ಟು ಕೆಳಗಿಳಿಯುವುದು ಅಪರೂಪ. ಅದಕ್ಕೆ ಚಿಪ್ಸು ಎಸೆದು ರಸ್ತೆಗೆ ಕರೆಯುವ ಬುದ್ಧಿವಂತರೂ ಇದ್ದಾರೆ, ಏನು ಹೇಳೋಣ!

ಈ ಬೆಟ್ಟಗಳಲ್ಲೇ ಕಬ್ಬಿಣದ ಅದಿರು ಅಗೆಯುತ್ತಿದ್ದರು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟು ನೋಡಿ "ಎಷ್ಟು ಚಂದದ ಕೆರೆ" ಅನ್ನುವವರಿದ್ದಾರೆ. ಅದನ್ನು ಕಟ್ಟಿದ್ದು ಗಣಿಯ ಕೆಸರು ತುಂಬಿಸಿಡಲು. ಇದನ್ನೂ ಮಕ್ಕಳಿಗೆ ತೋರಿಸಿ.

ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಗೈಡ್ ಕಡ್ಡಾಯ. ಕಾಡಿನಲ್ಲಿ ಡೇರೆ ಹಾಕುವಂತಿಲ್ಲ. ಚೆಕ್‌ಪೋಸ್ಟಿನಲ್ಲಿ ನಿಮ್ಮ ಗಾಡಿ ಒಳಬಂದ ಹೊತ್ತು ಬರೆದುಕೊಳ್ಳುತ್ತಾರೆ. ಉದ್ಯಾನದಿಂದ ಹೊರಬೀಳುವ ಚೆಕ್‌ಪೋಸ್ಟಿಗೆ ತಡವಾಗಿ ತಲುಪಿದರೆ "ಎಲ್ಲಿ ನಿಲ್ಲಿಸಿದ್ರಿ?" ಅಂತ ಕೇಳುತ್ತಾರೆ. ಚಹಾ, ತಿಂಡಿ ಕಳಸದಲ್ಲೇ ಮುಗಿಸಿಕೊಂಡು ಹೊರಡಿ.

ನಮಸ್ಕಾರ.