ಕೆಂಪು ಮೂತ್ರ ಹೋದಮೇಲೆ ಕಿಟ್ ನಂಬಿ ಕೂರಬೇಡಿ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್: "ಅಪ್ಪನಿಗೆ ಮೂತ್ರದಲ್ಲಿ ರಕ್ತ ಹೋಯ್ತು. ಮಾರ್ಕರ್ ಕಿಟ್ ನೆಗೆಟಿವ್. ಇನ್ನು ಸಿಸ್ಟೋಸ್ಕೋಪಿ ಯಾಕೆ, ದುಡ್ಡು ಕೀಳೋಕಾ?"

ಬೇಕು ಅಣ್ಣ. ಮಾರ್ಕರ್ ಕಿಟ್ ಅಂದ್ರೆ ಮೂತ್ರಕೋಶದ ಕ್ಯಾನ್ಸರ್‌ನ ಸುಳಿವನ್ನು ಮೂತ್ರದಲ್ಲಿ ಹುಡುಕೋ ಪರೀಕ್ಷೆ; ಸಿಸ್ಟೋಸ್ಕೋಪಿ ಅಂದ್ರೆ ಕ್ಯಾಮೆರಾ ಇರೋ ನಳಿಗೆ ಹಾಕಿ ನೋಡೋದು. ಕಣ್ಣಿಗೆ ಕಾಣೋ ಹಾಗೆ ರಕ್ತ ಹೋದರೆ ಕ್ಯಾಮೆರಾ ಹಾಕಿ ಮೂತ್ರಕೋಶದ ಒಳಗೆ ನೋಡಲೇಬೇಕು. ನೋವಿಲ್ಲದೆ ಹೋದರಂತೂ ಇನ್ನೂ ಬೇಗ.

ಕಿಟ್ ಏನು ಮಾಡುತ್ತೆ ನೋಡಿ. ಎನ್‌ಎಂಪಿ22 ಅನ್ನೋ ಕಿಟ್‌ನ ಕಾರ್ಡಿಗೆ ನಾಲ್ಕು ಹನಿ ಮೂತ್ರ ಬಿಡ್ತಾರೆ, ಅರ್ಧ ಗಂಟೆ ಕಾಯ್ತಾರೆ. ಸಾಯೋ ಜೀವಕೋಶಗಳಿಂದ ಹೊರಬರೋ ಒಂದು ಪ್ರೋಟೀನನ್ನು ಅದು ಹುಡುಕುತ್ತೆ. ಕಲ್ಲಿದ್ದರೂ ಸೋಂಕಿದ್ದರೂ ಜೀವಕೋಶ ಸಾಯ್ತವೆ, ಪಾಸಿಟಿವ್ ಗೆರೆ ಮೂಡುತ್ತೆ. ಸಣ್ಣ ಲೋ-ಗ್ರೇಡ್ ಗಡ್ಡೆ, ಅಂದ್ರೆ ಅಷ್ಟು ಉಗ್ರವಲ್ಲದ್ದು, ಆ ಪ್ರೋಟೀನ್ ಹೆಚ್ಚು ಉದುರಿಸೋದೇ ಇಲ್ಲ, ಗೆರೆ ಮೂಡಲ್ಲ. ಬಿಟಿಎ ಅನ್ನೋ ಇನ್ನೊಂದು ಕಿಟ್ ಇನ್ನೂ ಕಷ್ಟ. ಅದು ಹಿಡಿಯೋ ಪ್ರೋಟೀನ್‌ಗೆ ಹತ್ತಿರದ ನೆಂಟ, ಕಾಂಪ್ಲಿಮೆಂಟ್ ಫ್ಯಾಕ್ಟರ್ ಎಚ್, ರಕ್ತದಲ್ಲೇ ಧಾರಾಳವಾಗಿದೆ. ರಕ್ತ ಹೋಗ್ತಿದೆ ಅಂತ ಬಂದವರಿಗೆ ರಕ್ತದಿಂದಲೇ ಪಾಸಿಟಿವ್ ಆಗುತ್ತೆ!

"ಸೈಟಾಲಜಿ ಮಾಡಿಸಿದೀವಿ" ಅಂತೀರಾ? ಮೂತ್ರದಲ್ಲಿರೋ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡೋ ಪರೀಕ್ಷೆ ಅದು, ಮಾಡಿಸಿ. ಬೆಳಗಿನ ಮೊದಲ ಮೂತ್ರ ಕೊಡಬೇಡಿ, ರಾತ್ರಿಯಿಡೀ ನಿಂತು ಜೀವಕೋಶ ಕೆಟ್ಟಿರುತ್ತವೆ. ಎರಡನೇ ಸಲದ್ದು ಕೊಡಿ. ಹೈ-ಗ್ರೇಡ್, ಅಂದ್ರೆ ಉಗ್ರವಾದ ಗಡ್ಡೆ, ಚೆನ್ನಾಗಿ ಸಿಗುತ್ತೆ. ಲೋ-ಗ್ರೇಡ್ ಜೀವಕೋಶ ಮಾಮೂಲಿನ ಥರವೇ ಕಾಣುತ್ತೆ, ತಪ್ಪಿಹೋಗುತ್ತೆ. ಫಿಶ್ ಪರೀಕ್ಷೆಯಲ್ಲಿ ಜೀವಕೋಶದ ಕ್ರೋಮೋಸೋಮ್‌ಗಳಿಗೆ ಹಚ್ಚಿದ ಬಣ್ಣದ ಚುಕ್ಕೆ ಎಣಿಸ್ತಾರೆ: ಕೆಂಪು 3ನೇ ಕ್ರೋಮೋಸೋಮ್, ಹಸಿರು 7, ತಿಳಿನೀಲಿ 17, ಹೊಂಬಣ್ಣ 9ಪಿ21 (9ನೇ ಕ್ರೋಮೋಸೋಮಿನ ಒಂದು ಜಾಗ). ಮಾಮೂಲಿ ಜೀವಕೋಶದಲ್ಲಿ ಪ್ರತಿಯೊಂದೂ ಎರಡೆರಡು, ಲೆಕ್ಕ ತಪ್ಪಿದರೆ ಕ್ಯಾನ್ಸರ್ ಅನುಮಾನ. ಸೊಗಸಾದ ಪರೀಕ್ಷೆ. ಆದರೆ ಗಡ್ಡೆ ಎಲ್ಲಿದೆ, ಎಷ್ಟಿದೆ ಅಂತ ಚುಕ್ಕೆ ಹೇಳುತ್ತಾ? ಕ್ಯಾಮೆರಾ ಹಾಕಿ!



ಇನ್ನೊಬ್ಬರು ಕೇಳ್ತಾರೆ, "ಹರಡುತ್ತೋ ಇಲ್ವೋ ಜೀನ್ ಟೆಸ್ಟ್ ಹೇಳುತ್ತಂತಲ್ಲ?" ಎಫ್‌ಜಿಎಫ್‌ಆರ್3 ಅನ್ನೋ ಜೀನ್‌ನ ಬದಲಾವಣೆ ಹೆಚ್ಚಾಗಿ ಲೋ-ಗ್ರೇಡ್ ಗಡ್ಡೆಯಲ್ಲಿ; ಆ ಗಡ್ಡೆ ಮತ್ತೆ ಮತ್ತೆ ಬರುತ್ತೆ, ಆಳಕ್ಕೆ ಇಳಿಯೋದು ಕಮ್ಮಿ. ಟಿಪಿ53 ಜೀನ್ (ಪಿ53 ಪ್ರೋಟೀನ್ ಮಾಡೋದು) ಕೆಟ್ಟಿರೋದು ಹೆಚ್ಚಾಗಿ ಮೂತ್ರಕೋಶದ ಗೋಡೆಯ ಸ್ನಾಯುವಿಗೆ ನುಗ್ಗಿದ ಗಡ್ಡೆಯಲ್ಲಿ. ಒಪ್ಪಿದೆ. ಆದರೆ ಮೂತ್ರಕೋಶ ತೆಗೆದಮೇಲೆ ಪಿ53 ನೋಡಿ ಕೀಮೋ ಕೊಡೋಣ ಅಂತ ಮಾಡಿದ ಟ್ರಯಲ್ 2011ರಲ್ಲಿ ಪ್ರಕಟವಾಯ್ತು; ಕಾಯಿಲೆ ಮರಳುತ್ತೋ ಇಲ್ವೋ ಅಂತ ಪಿ53 ಹೇಳಲಿಲ್ಲ. ಮೊದಲು ಸ್ಕೋಪ್ ಹಾಕಿ ಕೆರೆದು ತೆಗೆದ ಗಡ್ಡೆಯ ಚೂರಲ್ಲಿ ಆ ಸ್ನಾಯು ಬಂದಿದೆಯಾ ಅಂತ ರಿಪೋರ್ಟಲ್ಲಿ ಹುಡುಕಿ. ಹೈ-ಗ್ರೇಡ್ ಇದ್ದು ಸ್ನಾಯು ಬಂದಿಲ್ಲ ಅಂದ್ರೆ 2ರಿಂದ 6 ವಾರದಲ್ಲಿ ಮತ್ತೆ ಕೆರೆಯಬೇಕು. ಗಡ್ಡೆ ಆಳಕ್ಕೆ ಇಳಿದಿದೆಯಾ ಅಂತ ಹೇಳೋ ಆ ಸ್ನಾಯುವಿಲ್ಲದೆ ಯಾವ ಜೀನ್ ಇಟ್ಕೊಂಡು ಏನು ಮಾಡ್ತೀರಿ?

"ಉಷ್ಣ ಆಗಿದೆ, ಬಾರ್ಲಿ ನೀರು ಸಾಕು" ಅನ್ನೋರ ಮಾತು ಬಿಡಿ. "ರಕ್ತ ನಿಂತೋಯ್ತು" ಅನ್ನೋದನ್ನೂ ಬಿಡಿ, ಗಡ್ಡೆಯ ರಕ್ತ ನಿಂತು ನಿಂತು ಬರುತ್ತೆ. ಬಗ್ಗೋ ಸ್ಕೋಪ್, ಮರಗಟ್ಟಿಸೋ ಜೆಲ್, ಕೆಲವೇ ನಿಮಿಷ. ಹಾಕಿಸಿ ಅಂದ್ರೆ ಹಾಕಿಸಿ!

ಕಾಮೆಂಟ್ ಹಾಕಿದ ಅಣ್ಣ, ಅಪ್ಪನಿಗೆ ಸಿಸ್ಟೋಸ್ಕೋಪಿ ಯಾವ ದಿನ ಅಂತ ಕೆಳಗೆ ಬರೀರಿ. ಕಾಯ್ತಿರ್ತೀನಿ.