ಗೊತ್ತಿರುವವರೂ ಗೊತ್ತಿಲ್ಲದವರೂ ಒಂದೇ ಮೇಜಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಹಾಸನದಲ್ಲಿ ಕೈಕೆಲಸ ಬಲ್ಲವರಿಗೆ ಬರವಿಲ್ಲ. ಮೋಟರ್ ವೈಂಡಿಂಗ್ ಮಾಡುವವರಿದ್ದಾರೆ, ಲೇತ್ ಇಟ್ಟುಕೊಂಡವರಿದ್ದಾರೆ, ರೇಡಿಯೊ-ಟಿ.ವಿ. ರಿಪೇರಿಯಲ್ಲೇ ಕೂದಲು ನರೆತವರಿದ್ದಾರೆ. ಇಂಜಿನಿಯರಿಂಗ್ ಕಾಲೇಜು 1960ರಿಂದಲೇ ಇದೆ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರುವುದು ನಮ್ಮಲ್ಲೇ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು ಇಲ್ಲಿ ಕೂತು ನೋಡಿಕೊಳ್ಳುತ್ತಾರೆ. ಇಷ್ಟೆಲ್ಲ ಇದ್ದರೂ ಈ ಜನ ಒಬ್ಬರಿಗೊಬ್ಬರು ಸಿಗುವುದೇ ಇಲ್ಲ. ವೈಂಡಿಂಗ್‌ನವರು ಅಂಗಡಿಯಲ್ಲಿ, ವಿದ್ಯಾರ್ಥಿ ಹಾಸ್ಟೆಲಿನಲ್ಲಿ, ರಿಟೈರ್ ಆದ ಲೈನ್‌ಮನ್ ಮನೆಯ ಜಗುಲಿಯಲ್ಲಿ. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವ ಜಾಗವೊಂದಿದೆ. ಅದನ್ನು ಹ್ಯಾಕರ್‌ಸ್ಪೇಸ್ ಅನ್ನುತ್ತಾರೆ. ಇವತ್ತಿನ ಮಾತು ಅದರ ಬಗ್ಗೆ.

ವ್ಯವಸ್ಥೆ ತುಂಬಾ ಸರಳ. ಹತ್ತಾರು ಜನ ಸೇರಿ ಒಂದು ಕೋಣೆ ಹಿಡಿಯುತ್ತಾರೆ. ಬಾಡಿಗೆ, ಕರೆಂಟ್ ಬಿಲ್ಲನ್ನು ಹಂಚಿಕೊಳ್ಳುತ್ತಾರೆ. ಒಬ್ಬರೇ ಕೊಳ್ಳಲಾಗದ ಉಪಕರಣವನ್ನು ಎಲ್ಲರೂ ಸೇರಿ ಕೊಳ್ಳುತ್ತಾರೆ. ಜರ್ಮನಿಯ ಬರ್ಲಿನ್‌ನಲ್ಲಿ ಸಿ-ಬೇಸ್ ಎಂಬ ಇಂಥ ಜಾಗ 1995ರಲ್ಲಿ ಶುರುವಾಯಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ನಾಯ್ಸ್‌ಬ್ರಿಡ್ಜ್ 2007ರದು. ಇದೆಲ್ಲ ದೊಡ್ಡ ಊರಿನವರ ಕೆಲಸ ಅನ್ನಿಸಬಹುದು. ಆದರೆ ಪುಣೆ ಜಿಲ್ಲೆಯ ಪಾಬಳ್ ಎಂಬ ಹಳ್ಳಿಯಲ್ಲಿ ಡಾಕ್ಟರ್ ಎಸ್. ಎಸ್. ಕಲಬಾಗ್ ಅವರು 1983ರಲ್ಲೇ ವಿಜ್ಞಾನ ಆಶ್ರಮ ಕಟ್ಟಿದರು. ಹಳ್ಳಿ ಹುಡುಗರು ಅಲ್ಲಿ ವೆಲ್ಡಿಂಗ್, ಕಟ್ಟಡ, ಕೃಷಿ, ವೈರಿಂಗ್ ಎಲ್ಲವನ್ನೂ ಮಾಡುತ್ತಲೇ ಕಲಿಯುತ್ತಾರೆ. ಅಮೆರಿಕದ ಎಂ.ಐ.ಟಿ. ಎಂಬ ತಾಂತ್ರಿಕ ವಿಶ್ವವಿದ್ಯಾಲಯದವರು ಫ್ಯಾಬ್ ಲ್ಯಾಬ್ ಎಂಬ ಕಾರ್ಯಾಗಾರಗಳನ್ನು ಹರಡಲು ಹೊರಟಾಗ, 2002ರಲ್ಲಿ, ತಮ್ಮ ದೇಶದ ಹೊರಗೆ ಮೊದಲು ಬಂದದ್ದೇ ಈ ಪಾಬಳ್‌ಗೆ. ಪಾಬಳ್‌ನಲ್ಲಿ ಆಗಿದ್ದು ಹಾಸನದಲ್ಲಿ ಯಾಕಾಗಬಾರದು?

ನಾವು ಕೆಲವರು ಇಲ್ಲಿ ಭಾನುವಾರಗಳಂದು ಸೇರುತ್ತೇವೆ. ಪರಿಚಯದವರೊಬ್ಬರ ಖಾಲಿ ಗೋಡೌನು, ಎರಡು ಉದ್ದನೆ ಮೇಜು, ಸಾಮಾನನ್ನು ಬಿಗಿಯಾಗಿ ಹಿಡಿದಿಡುವ ಒಂದು ಬೆಂಚ್ ವೈಸ್, ಕರೆಂಟ್ ಅಳೆಯುವ ಮಲ್ಟಿಮೀಟರು, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನುಗಳು. ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಅಲ್ಲಿ ನಡೆಯುವ ಒಂದೆರಡು ಕೆಲಸಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡುವುದು ಹಳೇ ರೂಢಿ. ಬೆಳಗ್ಗೆ ತೋಟದ ಲೆಕ್ಕ ಬರೆಯುವ ರೈಟರು ಹೋಗಿ ಮಾಪಕದ ನೀರನ್ನು ಅಳೆದು ಇಂಚು, ಸೆಂಟಿನಲ್ಲಿ ಪುಸ್ತಕಕ್ಕೆ ಏರಿಸುತ್ತಾರೆ. ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಭಾಗ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಬಿತ್ತಾ, ಬರೀ ಇಪ್ಪತ್ತು ಸೆಂಟಾ ಎಂದು ನೋಡಿಯೇ ಸ್ಪ್ರಿಂಕ್ಲರ್ ಹಾಕುವುದೋ ಬೇಡವೋ ಎಂದು ತೀರ್ಮಾನ ಮಾಡುವುದು. ತೋಟ ಒಂದು ಕಡೆ, ಮಾಲೀಕರು ಹಾಸನದಲ್ಲಿ ಇದ್ದರೆ ಫೋನ್ ಬರುವವರೆಗೂ ಕಾಯಬೇಕು. ಹಾಗೆ ಕಾಯುತ್ತಿದ್ದ ಬೆಳೆಗಾರರೊಬ್ಬರು ನಮ್ಮ ಮೇಜಿಗೆ ಬಂದು, "ಮಳೆಯನ್ನ ಅದರಷ್ಟಕ್ಕೆ ಅಳೆಯೋ ಹಾಗೆ ಏನಾದ್ರೂ ಮಾಡಬಹುದಾ ಸಾರ್?" ಎಂದು ಕೇಳಿದರು.

ಮಾಡಬಹುದು. ಮೇಲೊಂದು ಆಲಿಕೆ. ಅದರ ಕೆಳಗೆ ಮಕ್ಕಳ ಪಾರ್ಕಿನ ಏರಿಳಿ ಹಲಗೆಯ ಹಾಗೆ ತೂಗುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದ ಕೂಡಲೇ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಹಲಗೆಗೆ ಒಂದು ಸಣ್ಣ ಮ್ಯಾಗ್ನೆಟ್ ಅಂಟಿಸಿರುತ್ತದೆ. ಪ್ರತಿ ಸಲ ಮಗುಚುವಾಗ ಅದು ಒಂದು ರೀಡ್ ಸ್ವಿಚ್, ಅಂದರೆ ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್, ಅದರ ಮುಂದೆ ಹಾದುಹೋಗುತ್ತದೆ. ಸ್ವಿಚ್ ಒಂದು ಕ್ಷಣ ಕೂಡಿ, ಮತ್ತೆ ಬಿಟ್ಟುಕೊಳ್ಳುತ್ತದೆ. ಆರ್ಡುಯಿನೋ ಅದನ್ನು ಎಣಿಸಿಕೊಳ್ಳುತ್ತದೆ. 2005ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗಾಗಿಯೇ ಮಾಡಿದ ಪುಟ್ಟ ಸರ್ಕಿಟ್ ಬೋರ್ಡು ಇದು. ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ಯಾರು ಬೇಕಾದರೂ ತಯಾರಿಸಬಹುದು. ಅದಕ್ಕೇ ಇವತ್ತು ಕೆಲವೇ ನೂರು ರೂಪಾಯಿಗೆ ಅಂಥ ಬೋರ್ಡು ಸಿಗುತ್ತದೆ.

ಲೆಕ್ಕ ಹಾಕಿದ್ದು ಒಬ್ಬ ಹೈಸ್ಕೂಲ್ ಹುಡುಗಿ. ಆಲಿಕೆಯ ಬಾಯಿ 20 ಸೆಂಟಿಮೀಟರ್ ಅಗಲ ಇದ್ದರೆ, ಒಂದು ಮಿಲಿಮೀಟರ್ ಮಳೆಗೆ ಅದರೊಳಗೆ ಬೀಳುವ ನೀರು 31.4 ಮಿಲಿಲೀಟರ್. 0.2 ಮಿಲಿಮೀಟರಿಗೆ ಒಂದು ಸಲ ಮಗುಚಬೇಕು ಅಂದರೆ ಬಟ್ಟಲಿಗೆ 6 ಮಿಲಿಲೀಟರ್‌ಗಿಂತ ಚೂರು ಜಾಸ್ತಿ ಹಿಡಿಸಬೇಕು. ಒಂದು ಇಂಚು ಮಳೆಗೆ 127 ಸಲ ಮಗುಚಬೇಕು. ಮೆಡಿಕಲ್ ಶಾಪಿನ ಸಿರಿಂಜಿನಲ್ಲಿ ನೀರು ಬಿಟ್ಟು, ಬಟ್ಟಲಿನ ಕೆಳಗಿರುವ ಸ್ಕ್ರೂವನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಆ ಮಟ್ಟಕ್ಕೆ ತಂದಳು. ವೃತ್ತದ ವಿಸ್ತೀರ್ಣ ಪಾಠದಲ್ಲಿ ಓದಿದ್ದಳು. ಅದರಿಂದ ಒಂದು ತೋಟದ ಮಳೆ ಅಳೆದಿದ್ದು ಇಲ್ಲಿ.

ಆಮೇಲೆ ತಕರಾರುಗಳು ಒಂದೊಂದಾಗಿ ಹೊರಬಿದ್ದವು. ಒಂದು ಸಲ ಮಗುಚಿದರೆ ಎರಡೆರಡು ಲೆಕ್ಕ ಬರುತ್ತಿತ್ತು. ರೀಡ್ ಸ್ವಿಚ್‌ನೊಳಗಿನ ಲೋಹದ ಎಲೆಗಳು ಕೂಡುವಾಗ ಸಣ್ಣಗೆ ಅದುರುತ್ತವೆ, ಅದೇ ಕಾರಣ. ಒಂದು ಲೆಕ್ಕ ಬಂದ ಮೇಲೆ ಒಂದಷ್ಟು ಮಿಲಿಸೆಕೆಂಡ್ ಏನನ್ನೂ ಎಣಿಸಬೇಡ ಎಂದು ಪ್ರೋಗ್ರಾಮಿನಲ್ಲಿ ಹೇಳಿದರೆ ಸರಿಹೋಗುತ್ತದೆ. ಇನ್ನೊಂದನ್ನು ತೋಟದ ರೈಟರೇ ಹಿಡಿದರು. ಧೋ ಎಂದು ಸುರಿಯುವಾಗ ಈ ಯಂತ್ರ ಕಮ್ಮಿ ತೋರಿಸುತ್ತದೆ. ನಿಜ, ಬಟ್ಟಲು ಮಗುಚುವ ಆ ಒಂದು ಗಳಿಗೆಯಲ್ಲೂ ಆಲಿಕೆಯಿಂದ ನೀರು ಬೀಳುತ್ತಲೇ ಇರುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ಈ ಬಗೆಯ ಮಾಪಕಗಳಿಗೆಲ್ಲ ಇದೊಂದು ಕೊರತೆ ಇದ್ದೇ ಇದೆ. ಜುಲೈ ತಿಂಗಳ ಮಲೆನಾಡಿನ ಮಳೆ ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ಹಳೇ ಮಾಪಕವನ್ನು ತೆಗೆಯಲಿಲ್ಲ. ಎರಡೂ ಅಕ್ಕಪಕ್ಕ ಇವೆ. ರೈಟರ ಪುಸ್ತಕ ನೋಡಿಕೊಂಡೇ ಯಂತ್ರದ ಲೆಕ್ಕವನ್ನು ತಿದ್ದುತ್ತೇವೆ. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಅವರ ವರ್ಷಗಳ ಅಭ್ಯಾಸಕ್ಕೆ ಅಲ್ಲಿ ಬೆಲೆ ಸಿಕ್ಕಿತು, ಹುಡುಗರಿಗೆ ಅವರಿಂದ ಪಾಠ ಆಯಿತು.

ಇನ್ನೊಂದು, ಮೋಟರಿನ ವಿಚಾರ. ರೈತರಿಗೆ ಇದು ಚೆನ್ನಾಗಿ ಗೊತ್ತು. ರಾತ್ರಿ ತ್ರೀ ಫೇಸ್, ಅಂದರೆ ಮೂರು ಲೈನಿನ ಕರೆಂಟ್, ಬಂತು ಎಂದು ಪಂಪ್ ಹಾಕುತ್ತಾರೆ, ಬೆಳಗಾಗುವಷ್ಟರಲ್ಲಿ ಮೋಟರ್ ಸುಟ್ಟಿರುತ್ತದೆ. ವೈಂಡಿಂಗ್ ಕೆಲಸದಲ್ಲಿ ಆಯುಷ್ಯ ಕಳೆದ ಹಿರಿಯರೊಬ್ಬರು ನಮ್ಮಲ್ಲಿಗೆ ಬರುತ್ತಾರೆ. ಎಲ್ಲರೂ ಅವರನ್ನು ಮೇಷ್ಟ್ರೇ ಎಂದೇ ಕರೆಯುವುದು. ಸುಟ್ಟ ಮೋಟರಿನ ಕವರ್ ಬಿಚ್ಚಿ ಒಳಗೆ ಒಮ್ಮೆ ನೋಡಿದರೆ ಸಾಕು, ಕಾರಣ ಹೇಳುತ್ತಾರೆ. ಕಾಯಿಲ್‌ಗಳೆಲ್ಲ ಒಂದೇ ಸಮ ಕರ್ರಗಾಗಿದ್ದರೆ ಓವರ್‌ಲೋಡ್. ಒಂದಷ್ಟು ಕಾಯಿಲ್ ಕರ್ರಗೆ, ಒಂದಷ್ಟು ಹೊಸದರ ಹಾಗೇ ಕೆಂಪಗೆ, ಹೀಗೆ ಸಾಲಾಗಿ ಇದ್ದರೆ ಮೂರರಲ್ಲಿ ಒಂದು ಫೇಸ್ ಹೋಗಿತ್ತು ಅಂತ ಅರ್ಥ.

ಇಂಜಿನಿಯರಿಂಗ್ ಓದುವ ಹುಡುಗರು ಇದನ್ನು ಕಣ್ಣರಳಿಸಿ ನೋಡಿದರು. ಒಂದು ಫೇಸ್ ತಪ್ಪಿದರೆ ಉಳಿದ ಎರಡರಲ್ಲಿ ಕರೆಂಟ್ ಏರುತ್ತದೆ ಎಂದು ಅವರು ಪರೀಕ್ಷೆಯಲ್ಲಿ ಬರೆದವರು. ಸುಟ್ಟ ಕಾಯಿಲನ್ನು ಕಂಡವರಲ್ಲ. ಅದು ಯಾಕೆ ಹಾಗೆ ಸಾಲು ಸಾಲಾಗಿ ಸುಡುತ್ತದೆ ಎಂದು ಒಬ್ಬ ಹುಡುಗ ಸೀಮೆಸುಣ್ಣ ಹಿಡಿದು ನೆಲದ ಮೇಲೇ ಚಿತ್ರ ಬರೆದು ತೋರಿಸಿದ. ಮೇಷ್ಟ್ರು ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಹಂಗಾದ್ರೆ ಸ್ಟಾರ್ ಕನೆಕ್ಷನ್ ಇದ್ರೆ ಎರಡು ಗುಂಪು ಸುಡ್ಬೇಕು, ಡೆಲ್ಟಾ ಇದ್ರೆ ಒಂದೇ ಗುಂಪು, ಅಲ್ವೇನಪ್ಪಾ?" ಅಂದರು. ಹೌದು, ಸರಿಯಾಗಿ ಹಾಗೇ. ಮೋಟರಿನ ಮೂರು ಗುಂಪು ಕಾಯಿಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಎರಡು ಬಗೆ ಈ ಸ್ಟಾರ್, ಡೆಲ್ಟಾ. ಅವರು ಕಣ್ಣಾರೆ ಕಂಡಿದ್ದರು, ಅವನು ಓದಿದ್ದ. ಅವತ್ತು ಎರಡೂ ಕೂಡಿದವು. ಈಗ ಫೇಸ್ ತಪ್ಪಿದ ಕೂಡಲೇ ಸ್ಟಾರ್ಟರ್ ಬಿಡಿಸಿ, ರೈತರ ಮೊಬೈಲಿಗೆ ಸುದ್ದಿ ಮುಟ್ಟಿಸುವ ಒಂದು ಡಬ್ಬಿ ಮೇಜಿನ ಮೇಲೆ ತಯಾರಾಗುತ್ತಿದೆ. ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ ಅಂಗಡಿಯಲ್ಲೇ ಸಿಗುತ್ತದೆ, ನಿಜ. ಆದರೆ ತಾವೇ ಕೂತು ಮಾಡಿದ್ದು ಕೆಟ್ಟರೆ ತಾವೇ ಬಿಚ್ಚಿ ನೋಡಬಹುದು.

ಮನೆಗೆಲಸದ ಸಾಮಾನೂ ಬರುತ್ತವೆ. ನಿಧಾನವಾದ ಫ್ಯಾನಿಗೆ ಬಹಳ ಸಲ ಬೇಕಾಗುವುದು ಒಂದು ಹೊಸ ಕೆಪಾಸಿಟರ್ ಅಷ್ಟೇ. ಎಲ್‌ಇಡಿ ಬಲ್ಬು ಆರಿಹೋದರೆ ಎಸೆಯುತ್ತೇವೆ. ಅದರ ಬಿಳಿ ಮುಚ್ಚಳ ತೆಗೆದು ನೋಡಿ, ಹಳದಿ ಎಲ್‌ಇಡಿ ಚುಕ್ಕಿಗಳ ನಡುವೆ ಬಹಳ ಸಲ ಯಾವುದೋ ಒಂದರ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಗುರುತು ಇರುತ್ತದೆ. ಎಲ್ಲ ಚುಕ್ಕಿಗಳೂ ಒಂದರ ಹಿಂದೆ ಒಂದು ಸೀರೀಸಿನಲ್ಲಿ ಇರುವುದರಿಂದ ಆ ಒಂದು ಸತ್ತರೆ ಇಡೀ ಬಲ್ಬು ಕತ್ತಲೆ. ಅದೊಂದನ್ನು ಬದಲಿಸಿದರೆ ಮತ್ತೆ ಬೆಳಕು. ನೆದರ್‌ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2009ರಲ್ಲಿ ರಿಪೇರಿ ಕೆಫೆ ಅಂತ ಇದನ್ನೇ ಶುರು ಮಾಡಿದರು, ಅದು ಎಷ್ಟೋ ದೇಶಗಳಿಗೆ ಹಬ್ಬಿತು. ನಮಗೆ ರಿಪೇರಿ ಹೊಸದೇನಲ್ಲ. ಆದರೆ ಅಂಗಡಿಗೆ ಕೊಟ್ಟು ಬರುವುದು ಬೇರೆ, ಪಕ್ಕದಲ್ಲಿ ಕೂತು ತಾವೇ ಬಿಚ್ಚುವುದು ಬೇರೆ. ಮೊದಲ ಸಲ ಸೋಲ್ಡರಿಂಗ್ ಮಾಡುವವರ ಮುಖ ನೋಡಬೇಕು. ಮೊದಲು ಬಿಡಿಭಾಗದ ತಂತಿಕಾಲನ್ನೂ ಬೋರ್ಡನ್ನೂ ಬಿಸಿ ಮಾಡಿ, ಆಮೇಲೆ ಬೆಸುಗೆಯ ಸೀಸ ಮುಟ್ಟಿಸಿ ಎಂದು ಹೇಳುತ್ತೇವೆ. ಸೀಸ ಕರಗಿ ಸುತ್ತಲೂ ಹರಡಿ ಫಳಫಳ ಹೊಳೆದರೆ ಗಟ್ಟಿ ಬೆಸುಗೆ. ಗೋಲಿಯ ಹಾಗೆ ಮಂಕಾಗಿ ಕೂತರೆ ಡ್ರೈ ಸೋಲ್ಡರ್, ಇವತ್ತಲ್ಲ ನಾಳೆ ಬಿಟ್ಟುಕೊಳ್ಳುತ್ತದೆ. ಕಿಟಕಿ ತೆಗೆದಿರಬೇಕು, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಕರೆಂಟಿನ ವಿಷಯದಲ್ಲಿ ನಾವು ತುಂಬಾ ಕಟ್ಟುನಿಟ್ಟು. ಮೇಜಿಗೆ ಬರುವ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಹಾಕಿದ್ದೇವೆ. ಬಲ್ಲವರು ಪಕ್ಕದಲ್ಲಿ ಇಲ್ಲದೆ ಯಾರೂ ಪ್ಲಗ್ ಹಾಕುವ ಹಾಗಿಲ್ಲ. ಮಿಕ್ಕಂತೆ ನಿಯಮ ಜಾಸ್ತಿ ಇಲ್ಲ. ತೆಗೆದ ಸ್ಪ್ಯಾನರನ್ನು ಅದೇ ಮೊಳೆಗೆ ನೇತುಹಾಕಬೇಕು, ಕಲಿತದ್ದನ್ನು ಮುಂದಿನವರಿಗೆ ಕಲಿಸಬೇಕು. ಮತ್ತೆ, ಮಾಡಿದ ಕೆಲಸವನ್ನು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ಕನ್ನಡದಲ್ಲೇ, ಚಿತ್ರದ ಸಮೇತ. ಈ ಮೂರನೆಯದನ್ನು ಮಾಡಿಸುವುದು ಬಹಳ ಕಷ್ಟ. ಕೆಲಸ ಮುಗಿದ ಖುಷಿಯಲ್ಲಿ ಬರೆಯಲು ಯಾರಿಗೂ ಮನಸ್ಸಿರುವುದಿಲ್ಲ. ಆದರೂ ನಾನು ಬೆನ್ನು ಬಿಡುವುದಿಲ್ಲ. ಮೇಷ್ಟ್ರಂಥವರ ತಲೆಯಲ್ಲಿ ಇರುವುದು ಯಾವ ಪುಸ್ತಕದಲ್ಲೂ ಇಲ್ಲ. ಯಾವ ಮೋಟರಿಗೆ ಯಾವ ಗೇಜಿನ, ಅಂದರೆ ಎಷ್ಟು ದಪ್ಪದ ತಂತಿ, ಎಷ್ಟು ಸುತ್ತು ಎನ್ನುವುದನ್ನು ಅವರು ಹೇಳುತ್ತಾ ಹೋದ ಹಾಗೆ ಒಬ್ಬ ಕಾಲೇಜು ಹುಡುಗಿ ಬರೆದುಕೊಳ್ಳುತ್ತಿದ್ದಾಳೆ. ಆ ಪುಟಗಳು ಇಡೀ ಕೋಣೆಯಲ್ಲಿರುವ ಸಾಮಾನಿಗಿಂತ ಬೆಲೆಯುಳ್ಳವು.

ತ್ರೀಡಿ ಪ್ರಿಂಟರ್ ಇದೆಯಾ ಎಂದು ಬಂದವರೆಲ್ಲ ಕೇಳುತ್ತಾರೆ. ಅದು ಒಳ್ಳೆಯ ಯಂತ್ರವೇ. ಎಲ್ಲೂ ಸಿಗದ ಹಳೇ ಗುಬುಟು, ಮುರಿದ ಹಲ್ಲುಚಕ್ರವನ್ನು ಮಾಡಿಕೊಳ್ಳಬಹುದು. ಆದರೆ ನಿಮ್ಮ ಊರಿನಲ್ಲಿ ಇಂಥದ್ದು ಶುರು ಮಾಡುವುದಾದರೆ ಮೊದಲ ದುಡ್ಡನ್ನು ಒಂದು ಗಟ್ಟಿ ವೈಸ್, ಒಂದು ಒಳ್ಳೆ ಮಲ್ಟಿಮೀಟರಿಗೆ ಹಾಕಿ. ಅದಕ್ಕೂ ಮೊದಲು ನಿಮ್ಮ ಬೀದಿಯಲ್ಲಿ ಯಾರಿಗೆ ಏನು ಬರುತ್ತದೆ ಎಂದು ಕೇಳಿಕೊಂಡು ಬನ್ನಿ. ಹೊಲಿಗೆ ಮಿಷನ್ನಿನ ಬಾಬಿನ್ ಯಾಕೆ ಕಚ್ಚಿಕೊಳ್ಳುತ್ತದೆ ಎಂದು ಹೇಳಬಲ್ಲ ಟೈಲರ್ ಅಕ್ಕ ಇರುತ್ತಾರೆ, ಸೈಕಲ್ ಶಾಪಿನ ಅಣ್ಣ ಇರುತ್ತಾರೆ. ಕರೆದರೆ ಬರುತ್ತಾರೆ. ಅವರನ್ನು ಯಾರೂ ಕರೆದಿರುವುದಿಲ್ಲ, ಅಷ್ಟೇ. ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಎಲ್ಲಾದರೂ ಸರಿ, ಶಾಲೆಯ ಒಂದು ಖಾಲಿ ಕೊಠಡಿ ಭಾನುವಾರದ ಮಟ್ಟಿಗೆ ಸಿಕ್ಕರೆ ಸಾಕು.

ಮುಂದಿನ ಭಾನುವಾರ ಮೇಷ್ಟ್ರು ಒಂದು ಸಿಂಗಲ್ ಫೇಸ್ ಮೋಟರನ್ನು ಪೂರ್ತಿ ಬಿಚ್ಚಿ, ರನ್ನಿಂಗ್ ಕಾಯಿಲ್ ಯಾವುದು, ಸ್ಟಾರ್ಟಿಂಗ್ ಕಾಯಿಲ್ ಯಾವುದು ಎಂದು ತೋರಿಸಿ ಹೊಸ ತಂತಿ ಸುತ್ತಿಸಲಿದ್ದಾರೆ. ಸುತ್ತುವವರು ಹುಡುಗರು, ನೋಡಿಕೊಳ್ಳುವವರು ಅವರು. ವಾರ್ನಿಷ್ ಒಣಗಿ ಮೋಟರ್ ತಿರುಗುವುದನ್ನು ಅದರ ಮುಂದಿನ ವಾರ ನೋಡಬೇಕು. ನಮಸ್ಕಾರ.